ಭೂಗತ ಗಣಿಗಳಲ್ಲಿ ಹಠಾತ್ ಜಲಪ್ರವೇಶ

ನೆಲದಡಿಯಲ್ಲಿ ಕಲ್ಲಿದ್ದಲನ್ನೋ ಲೋಹದ ಅದಿರನ್ನೋ ತೋಡುತ್ತಿರುವ ಗಣಿಯೊಳಕ್ಕೆ, ಪೂರ್ವದಲ್ಲಿ ತೋಡಿ ಬಿಟ್ಟುಹೋದ ಸುರಂಗಗಳಲ್ಲಿ ನಿಂತ ನೀರಾಗಲಿ, ಮೇಲೆ ಹರಿಯುವ ಹೊಳೆಹಳ್ಳಗಳ ಪ್ರವಾಹವಾಗಲಿ, ನೀರಿನೊಡನೆ ಬೆರೆತು ದ್ರವದಂತೆ ಹರಿಯುವ ಕೆಸರು ಮರಳುಗಳಾಗಲಿ, ಒತ್ತಡಕ್ಕೊಳಗಾಗಿ ಪದರಗಳಲ್ಲಿ ಹುದುಗಿದ ಅನಿಲವಾಗಲಿ, ಸಿದ್ಧತೆಗೆ ಅವಕಾಶವೀಯದೆ ಒಮ್ಮೆಲೇ ನುಗ್ಗಿಬರುವ ವಿಪತ್ತನ್ನು ಹಠಾತ್ ಪ್ರವೇಶವೆಂದು ಕರೆಯಬಹುದು. ಇವುಗಳಲ್ಲಿ ನೀರಿನಿಂದಾಗುವ ಪ್ರಾಣಹಾನಿಯೇ ನಮ್ಮ ದೇಶದ ಗಣಿಗಳ ಚರಿತ್ರೆಯಲ್ಲಿ ಮತ್ತೆಮತ್ತೆ ಕಾಣಿಸಿಕೊಂಡಿರುವುದರಿಂದ ಈ ಲೇಖನದಲ್ಲಿ ಅದಕ್ಕೇ ಪ್ರಾಧಾನ್ಯ ಕೊಡಲಾಗಿದೆ. ಗಣಿಯಲ್ಲಿ ನಿತ್ಯವೂ ಜಿನುಗುವ ನೀರು ಬೇರೆ. ಅದನ್ನು ತಗ್ಗಿನ ಸಂಪಿಗೆ ಹರಿಸಿ ಪಂಪುಗಳಿಂದ ಮೇಲೆತ್ತುವುದು ದಿನಚರಿಯ ಕೆಲಸ. ಹಠಾತ್ ಪ್ರವೇಶದಲ್ಲಿ ನೀರಿನ ಪರಿಮಾಣಕ್ಕಿಂತ ಅದು ಬರುವ ವೇಗವೇ ಪ್ರಾಣಾಂತಿಕವಾದುದು.

ಈ ವೇಗಕ್ಕೆ ಕಾರಣ ನೀರಿನ ಎತ್ತರ. ಹತ್ತು ಮೀಟರು ಎತ್ತರಕ್ಕೆ ನಿಂತ ನೀರು ತನ್ನ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರವನ್ನು ಹೊರಿಸುತ್ತದೆ. ಹಾಗಾದರೆ ನೂರು ಮೀಟರು ಎತ್ತರದ ನೀರನ್ನು ತಡೆದು ನಿಂತಿರುವ ಕಲ್ಲಿದ್ದಲ ಗೋಡೆಯಲ್ಲಿ ಮನೆಯ ಒಂದು ಬಾಗಿಲಿನಷ್ಟು, ಎಂದರೆ 2 ಚದರ ಮೀಟರು ವಿಸ್ತಾರದ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೂ, ಅದರ ಮೇಲೆ ಸುಮಾರು 200 ಟನ್ನು ಭಾರ ಹಗಲಿರುಳು ಬಿದ್ದಿರುತ್ತದೆ. ಕಲ್ಲಿದ್ದಲು ಕರಿಕಲ್ಲಿನಂತೆ ಅಖಂಡವಾದ ವಸ್ತುವಲ್ಲ; ಸೀಳುಗಳೂ ಬಿರುಕುಗಳೂ ಅದರ ಸ್ವಭಾವದಲ್ಲೇ ಉಂಟು; ಪಕ್ಕದಲ್ಲಿ ಮದ್ದು ಸಿಡಿಸಿದಾಗಲೆಲ್ಲ ಆ ಬಿರುಕುಗಳು ಇನ್ನಷ್ಟು ತೆರೆದುಕೊಳ್ಳುತ್ತವೆ. ಗೋಡೆಯ ದಪ್ಪ ಒಂದು ಮಿತಿಗಿಂತ ಕಡಮೆಯಾದ ಗಳಿಗೆಯಲ್ಲಿ ಅದು ಮೆಲ್ಲಮೆಲ್ಲನೆ ಸೋರುವುದಿಲ್ಲ, ಕಿತ್ತುಕೊಂಡು ಬರುತ್ತದೆ. ಬಂದ ನೀರು ಮುಂದೆ ಗಾಳಿಯನ್ನು ತಳ್ಳಿಕೊಂಡು, ಆನಿಕೆಯ ಕಂಬಗಳನ್ನೂ ಕಲ್ಲಿದ್ದಲು ಸಾಗಿಸುವ ಟಬ್ಬುಗಳನ್ನೂ ಉರುಳಿಸುತ್ತ, ಇಳಿಜಾರಿನ ಕೆಳತುದಿಯಲ್ಲಿರುವವರನ್ನು ಮೊದಲು ಹಿಡಿಯುತ್ತದೆ. ಹಳೆಯ ಗಣಿಗಳಲ್ಲಿ ಕೊಳೆತ ಮರಮುಟ್ಟುಗಳಿಂದ ಹುಟ್ಟಿದ ವಿಷವಾಯುಗಳೂ ಆ ನೀರಿನೊಡನೆ ಬರುವುದರಿಂದ, ನೀರು ಮುಟ್ಟದೆ ಉಳಿದವರಿಗೂ ಉಸಿರಿನ ಅಪಾಯ ತಪ್ಪದು.

ಕರ್ನಾಟಕದ ಪ್ರಾಚೀನ ಶಿಲೆಗಳಲ್ಲಿ ಕಲ್ಲಿದ್ದಲ ಗಣಿಗಾರಿಕೆಗೆ ಅವಕಾಶವಿಲ್ಲ. ಬೆಂಗಳೂರಿನ ಕಾಲಡಿಯಲ್ಲಿರುವುದು ನೈಸ್ ಮತ್ತು ಗ್ರಾನೈಟು. ಆದರೂ ಈ ವಿಷಯ ಕನ್ನಡಿಗರಿಗೆ ದೂರದ್ದೆಂದು ಭಾವಿಸಲಾಗದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮನೆಗಳಲ್ಲಿ ಸಂಜೆ ಬೆಳಗುವ ದೀಪಗಳಿಗೂ ಅಲ್ಲಿನ ಸಣ್ಣ ಕಾರ್ಖಾನೆಗಳ ಲೇಥುಗಳಿಗೂ ಒದಗುವ ವಿದ್ಯುತ್ತಿನಲ್ಲಿ ಒಂದು ಪಾಲು ಕೃಷ್ಣಾತೀರದ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದಿಂದ ಬಂದುದು. 1985ರಲ್ಲಿ ಮೊದಲ ಘಟಕವನ್ನು ಆರಂಭಿಸಿದ ಆ ಕೇಂದ್ರಕ್ಕೆ ಕಲ್ಲಿದ್ದಲು ಒದಗಿಸುವವುಗಳಲ್ಲಿ ನೆರೆಯ ತೆಲಂಗಾಣದ ಗೋದಾವರೀ ಕಣಿವೆಯ ಸಿಂಗರೇಣಿ ಗಣಿಗಳು ಸೇರಿವೆ. ಆ ಕಣಿವೆಯ ಗೋದಾವರಿಖನಿಯಲ್ಲಿ 2003ರ ಜೂನ್ ತಿಂಗಳಲ್ಲಿ 7ನೆಯ ಎಲ್‌ಇಪಿ ಗಣಿಯೊಳಕ್ಕೆ ನೀರು ನುಗ್ಗಿ 17 ಮಂದಿ ಕಾರ್ಮಿಕರು ಮೃತರಾದರು. ಸ್ವಿಚ್ಚನ್ನು ಒತ್ತುವ ಕೈಗೂ ಆ ಇಳಿಜಾರಿನ ಕೊನೆಯಲ್ಲಿ ಮುಳುಗಿದವರಿಗೂ ಇರುವ ಈ ಸಂಬಂಧವನ್ನು ನೆನೆಯದೆ ಈ ವಿಷಯವನ್ನು ಕುರಿತು ಬರೆಯುವುದು ನ್ಯಾಯವಲ್ಲವೆಂದು ಲೇಖಕನ ಭಾವನೆ.

ಭಾರತದ ಗಣಿ ದುರಂತಗಳಲ್ಲಿ ಅತ್ಯಂತ ಘೋರವಾದುವುಗಳಲ್ಲಿ ಒಂದು ಧನಬಾದ್ ಸಮೀಪದ ಚಾಸ್ನಾಲಾದಲ್ಲಿ 1975ರ ಡಿಸೆಂಬರ್ 27ರಂದು ನಡೆಯಿತು. ಕೆಲಸ ನಡೆಯುತ್ತಿದ್ದ ಭಾಗಕ್ಕಿಂತ ಮೇಲಿನ ಹಳೆಯ ಸುರಂಗಗಳಲ್ಲಿ ಅಪಾರವಾಗಿ ನಿಂತಿದ್ದ ನೀರು ನಡುವಣ ತಡೆಯನ್ನು ಒಡೆದುಕೊಂಡು ಇಳಿದಾಗ 375 ಮಂದಿ ಪ್ರಾಣ ಕಳೆದುಕೊಂಡರು. ಅದೇ ಝರಿಯಾ ಕಲ್ಲಿದ್ದಲ ಪ್ರದೇಶದ ಬಾಗ್‌ಡಿಗಿಯಲ್ಲಿ 2001ರ ಫೆಬ್ರವರಿ 2ರಂದು, ಪಕ್ಕದ ಪರಿತ್ಯಕ್ತ ಗಣಿಯಲ್ಲಿ ತುಂಬಿದ್ದ ನೀರು ನುಗ್ಗಿ 29 ಮಂದಿ ತೀರಿಕೊಂಡರು. ಇವೆರಡರ ನಡುವೆ ಕಾಲು ಶತಮಾನವೇ ಕಳೆದಿದ್ದರೂ ಕಥೆಯ ಬೇರು ಒಂದೇ: ನೀರು ಎಲ್ಲಿದೆಯೆಂಬುದು ತಿಳಿಯದೆ ಅಲ್ಲ, ನಮಗೂ ಅದಕ್ಕೂ ನಡುವೆ ಎಷ್ಟು ಕಲ್ಲಿದ್ದಲು ಉಳಿದಿದೆಯೆಂಬ ಲೆಕ್ಕ ತಪ್ಪಿದುದರಿಂದ ಅನರ್ಥವಾಯಿತು.

ಹೀಗೆ ಲೆಕ್ಕ ತಪ್ಪುವುದು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನ ಲಾಫ್ಟ್‌ಹೌಸ್ ಗಣಿಯಲ್ಲಿ 1973ರ ಮಾರ್ಚ್ 21ರಂದು ಹತ್ತೊಂಬತ್ತನೆಯ ಶತಮಾನದ ಹಳೆಯ ಕೆಲಸಗಳಲ್ಲಿ ನಿಂತಿದ್ದ ನೀರು ನುಗ್ಗಿ ಏಳು ಮಂದಿ ಮಡಿದರು. ಆ ಹಳೆಯ ಬಾವಿಗಳು ಯಾವ ಆಳದವರೆಗೆ ಇಳಿದಿದ್ದವೆಂಬುದು ಭೂವಿಜ್ಞಾನ ಸರ್ವೇಕ್ಷಣೆಯ ಒಂದು ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಬರೆದೇ ಇತ್ತು. ಆದರೆ ಗಣಿಯ ಯೋಜನೆ ಹಾಕಿದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಬ್ರಿಟನ್ನಿನಲ್ಲಿ ಪರಿತ್ಯಕ್ತ ಗಣಿಯ ನಕ್ಷೆಯನ್ನು ಸರ್ಕಾರದಲ್ಲಿ ಠೇವಣಿ ಇಡಬೇಕೆಂಬ ಕಾನೂನು ಬಂದದ್ದು 1872ರಲ್ಲಿ. ಅದಕ್ಕೆ ಹಿಂದಿನ ತೋಡುಗಳ ಪಾಡು ಸರ್ವೇಯರನ ಊಹೆಗೂ ಊರ ಮುದುಕರ ನೆನಪಿಗೂ ಬಿಟ್ಟದ್ದಾಯಿತು. ಆಸ್ಟ್ರೇಲಿಯದ ಗ್ರೆಟ್ಲಿ ಗಣಿಯಲ್ಲಿ 1996ರ ನವೆಂಬರ್ 14ರಂದು ನಾಲ್ವರು ಸತ್ತಾಗಲಂತೂ ನಕ್ಷೆ ಇಲ್ಲದೆ ಇರಲಿಲ್ಲ. ಇದ್ದ ನಕ್ಷೆಯೇ ತಪ್ಪಾಗಿತ್ತು. ಯಂಗ್ ವಾಲ್ಸೆಂಡ್ ಎಂಬ ಹಳೆಯ ಗಣಿ ನೂರು ಮೀಟರಿಗೂ ಹೆಚ್ಚು ದೂರದಲ್ಲಿದೆಯೆಂದು ನಂಬಿ ಕೊರೆಯುತ್ತಿದ್ದ ಯಂತ್ರ ನೇರವಾಗಿ ಅದರ ನೀರಿನೊಳಕ್ಕೇ ತೂತು ಮಾಡಿತು. ನಕ್ಷೆಯಿಲ್ಲದವನು ಹೆಜ್ಜೆ ಹೆಜ್ಜೆಗೂ ಅಂಜುತ್ತಾನೆ. ತಪ್ಪು ನಕ್ಷೆಯುಳ್ಳವನು ಅಂಜದೆ ನಡೆಯುತ್ತಾನೆ. ಆದುದರಿಂದಲೇ ಎರಡನೆಯದು ಹೆಚ್ಚು ಅಪಾಯಕರವೆಂದು ಹೇಳಬೇಕಾಗುತ್ತದೆ.

ಮೇಲಿನಿಂದ ಬರುವ ನೀರಿನ ಸ್ವರೂಪ ಬೇರೆ. 1995ರ ಸೆಪ್ಟೆಂಬರಿನಲ್ಲಿ ಧಾರಾಕಾರವಾಗಿ ಮಳೆ ಸುರಿದ ರಾತ್ರಿ ಝರಿಯಾ ಪ್ರದೇಶದಲ್ಲಿಯೇ ಕತ್ರಿ ನದಿ ಉಕ್ಕಿ ಗಸ್ಲಿಟಾಂಡ್ ಗಣಿಯೊಳಕ್ಕೆ ಹರಿದು 64 ಮಂದಿ ಮೃತಪಟ್ಟರು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ 1959ರ ಜನವರಿ 22ರಂದು ನಾಕ್ಸ್ ಗಣಿಯವರು ಸಸ್ಕ್ವೆಹಾನಾ ನದಿಯ ತಳಕ್ಕೆ ತೀರ ಹತ್ತಿರವಾಗಿ ಕಲ್ಲಿದ್ದಲು ತೆಗೆದಾಗ ನದಿಯೇ ಸುಳಿಯಾಗಿ ಒಳಗಿಳಿದು 12 ಮಂದಿಯನ್ನು ಕೊಂದಿತು. ಸ್ಕಾಟ್‌ಲೆಂಡಿನ ನಾಕ್‌ಷಿನಾಕ್‌ನಲ್ಲಿ 1950ರಲ್ಲಿ ನುಗ್ಗಿದ್ದು ನೀರಲ್ಲ, ಮೇಲಿನ ಜೌಗುನೆಲದ ಕೊಳೆಮಣ್ಣು. ಜಾಂಬಿಯದ ಮುಫುಲಿರಾ ತಾಮ್ರದ ಗಣಿಯಲ್ಲಿ 1970ರ ಸೆಪ್ಟೆಂಬರಿನಲ್ಲಿ, ಅದಿರನ್ನು ಅರೆದು ಉಳಿದ ತ್ಯಾಜ್ಯದ ಕೆಸರು ಮೇಲಿನ ಕಟ್ಟೆಯಿಂದ ಕುಸಿದು ಒಳಗೆ ಹರಿದು 89 ಮಂದಿಯನ್ನು ಹೂಳಿತು.

ನಿವಾರಣೆಯ ಮೊದಲ ಹೆಜ್ಜೆ ಜ್ಞಾನ. ಗಣಿಯ ಸುತ್ತಮುತ್ತ, ಮೇಲೆ ಕೆಳಗೆ, ಈ ಹಿಂದೆ ಯಾರು ಯಾವ ಪದರದಲ್ಲಿ ಎಲ್ಲಿಯವರೆಗೆ ತೋಡಿದರು, ಅಲ್ಲಿ ಈಗ ಯಾವ ಮಟ್ಟದವರೆಗೆ ನೀರಿದೆ, ಪದರವನ್ನು ಸೀಳಿರುವ ಸ್ತರಭಂಗಗಳು ಎಲ್ಲಿ ಹಾಯ್ದಿವೆ, ಮುಚ್ಚದೆ ಉಳಿದ ಹಳೆಯ ಕೊಳವೆಬಾವಿಗಳೆಷ್ಟು ಎಂಬುದನ್ನೆಲ್ಲ ಒಂದೇ ನಕ್ಷೆಯ ಮೇಲೆ ತರುವುದು ಸರ್ವೇಯರನ ಕರ್ತವ್ಯ. ಪಕ್ಕಪಕ್ಕದ ಎರಡು ಗಣಿಗಳ ಸರ್ವೇಯರರು ಜೊತೆಯಾಗಿ ಅಳೆದು, ಇಬ್ಬರ ನಕ್ಷೆಗಳನ್ನೂ ಒಂದೇ ಆಧಾರಬಿಂದುವಿಗೆ ಹೊಂದಿಸಿ ಸಹಿ ಹಾಕುವ ಪದ್ಧತಿ ಇದಕ್ಕಾಗಿಯೇ ಹುಟ್ಟಿತು. ಹಳೆಯ ಹಾಳೆಗಳಲ್ಲಿ ಅಳತೆಯ ಮಾನ ಬೇರೆ, ಉತ್ತರದಿಕ್ಕಿನ ಗುರುತು ಬೇರೆ, ಕಾಗದವೇ ಕುಗ್ಗಿ ಹಿಗ್ಗಿರುವುದೂ ಉಂಟು. ಅಲ್ಲದೆ ಗಣಿ ಮುಚ್ಚುವ ಕೊನೆಯ ತಿಂಗಳುಗಳಲ್ಲಿ ಲಾಭದಾಸೆಯಿಂದ, ಆಧಾರಕ್ಕೆಂದು ಬಿಟ್ಟ ಕಲ್ಲಿದ್ದಲ ಕಂಬಗಳನ್ನು ಕದ್ದು ಕೆತ್ತಿದವರು ಅದನ್ನು ನಕ್ಷೆಯಲ್ಲಿ ಬರೆದಿಡುತ್ತಾರೆಂದು ನಿರೀಕ್ಷಿಸಲಾಗದು. ಆದುದರಿಂದ ನಕ್ಷೆಯ ಗೆರೆಯನ್ನು ಗೋಡೆಯೆಂದು ತಿಳಿಯದೆ, ಸಂಶಯದ ಒಂದು ಪಟ್ಟಿಯೆಂದು ತಿಳಿದು ಅದರಾಚೆಗೆ ರಕ್ಷಣೆಯ ಅಂತರವನ್ನು ಇಟ್ಟುಕೊಳ್ಳಬೇಕು.

ನಮ್ಮ ಕಾನೂನು ಆ ಅಂತರವನ್ನು ಅಂಕಿಗಳಲ್ಲಿಯೇ ಹೇಳಿತು. 1952ರ ಗಣಿ ಕಾಯಿದೆಯಡಿ ರಚಿತವಾದ 1957ರ ಕಲ್ಲಿದ್ದಲು ಗಣಿ ನಿಯಮಾವಳಿಯ ಪ್ರಕಾರ, ನೀರು ನಿಂತಿರಬಹುದಾದ ಬೇರೊಂದು ತೋಡಿಗೆ 60 ಮೀಟರಿನಷ್ಟು ಸಮೀಪಿಸಿದ ಕೆಲಸವನ್ನು ಗಣಿ ಸುರಕ್ಷತಾ ಅಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಮುಂದುವರಿಸುವಂತಿರಲಿಲ್ಲ. ನದಿ, ಕಾಲುವೆ, ಕೆರೆಗಳ ನೇರ ಕೆಳಗಾಗಲಿ ಅವುಗಳ ದಡದಿಂದ 15 ಮೀಟರಿನೊಳಗಾಗಲಿ ಅನುಮತಿಯಿಲ್ಲದೆ ತೋಡುವಂತಿರಲಿಲ್ಲ. ಗಣಿಯ ಬಾಯಿ ಆ ಸ್ಥಳದಲ್ಲಿ ಕಂಡ ಅತ್ಯುನ್ನತ ಪ್ರವಾಹಮಟ್ಟಕ್ಕಿಂತ ಕನಿಷ್ಠ 1.5 ಮೀಟರು ಮೇಲಿರಬೇಕಾಗಿತ್ತು. 2017ರ ಹೊಸ ನಿಯಮಾವಳಿ ಇವುಗಳಿಗೆ ಒಂದು ಮುಖ್ಯ ಅಂಶವನ್ನು ಸೇರಿಸಿತು: ಪ್ರತಿಯೊಂದು ಗಣಿಯೂ ತನ್ನ ಅಪಾಯಗಳನ್ನು ತಾನೇ ಗುರುತಿಸಿ, ತೂಗಿ, ನಿಯಂತ್ರಣಕ್ರಮಗಳನ್ನು ಬರೆದಿಡುವ ಸುರಕ್ಷತಾ ನಿರ್ವಹಣಾ ಯೋಜನೆಯನ್ನು ಹೊಂದಿರಬೇಕು. 60 ಮೀಟರು ಎಂಬುದು ಅಪಾಯ ಆರಂಭವಾಗುವ ಸ್ಥಳವಲ್ಲ, ವಿಚಾರ ಆರಂಭವಾಗಬೇಕಾದ ಸ್ಥಳವೆಂದು ತಿಳಿದವನೇ ನಿಯಮದ ಆಶಯವನ್ನು ತಿಳಿದವನು.

ಅನುಮತಿ ದೊರೆತ ಮೇಲೆ ನಡೆಯುವ ಕೆಲಸವೇ ಈ ವಿದ್ಯೆಯ ತಿರುಳು. ಸುರಂಗದ ಅಗಲವನ್ನೂ ಎತ್ತರವನ್ನೂ 2.4 ಮೀಟರಿಗೆ ಕುಗ್ಗಿಸಲಾಗುತ್ತದೆ. ಕಲ್ಲಿದ್ದಲಿನ ಎದುರುಮುಖದ ನಡುವಿನಲ್ಲಿ ಒಂದು ಶೋಧರಂಧ್ರವನ್ನು ಮುಂದಕ್ಕೆ ಕೊರೆದು, ಎಡಬಲಗಳಿಗೆ ಓರೆಯಾಗಿ ಪಾರ್ಶ್ವರಂಧ್ರಗಳನ್ನು 5 ಮೀಟರಿಗೆ ಮೀರದ ಅಂತರದಲ್ಲಿಯೂ, ಬೇಕಾದಲ್ಲಿ ಮೇಲಕ್ಕೂ ಕೆಳಕ್ಕೂ ಕೊರೆಯುತ್ತಾರೆ. ಈ ರಂಧ್ರಗಳ ತುದಿ ಯಾವಾಗಲೂ ಕೆಲಸದ ಮುಖಕ್ಕಿಂತ ಕನಿಷ್ಠ 3 ಮೀಟರು ಮುಂದಿರಬೇಕೆಂಬುದು ನಿಯಮ. ಕುರುಡನು ಕೋಲಿನಿಂದ ನೆಲವನ್ನು ತಟ್ಟಿ ನೋಡಿ ಅನಂತರ ಪಾದವಿಡುವಂತೆ, ಕೊರೆದು ನೋಡಿದಷ್ಟು ದೂರವನ್ನು ಪೂರ್ತಿಯಾಗಿ ತೋಡಿಬಿಡದೆ, ಒಂದಷ್ಟನ್ನು ಉಳಿಸಿಕೊಂಡು ಮತ್ತೆ ಕೊರೆಯಬೇಕು. ನೀರಿನ ಒತ್ತಡ ಹೆಚ್ಚಿರಬಹುದಾದಲ್ಲಿ ಬರಿಯ ರಂಧ್ರ ಸಾಲದು: ಅದು ನೀರಿಗೆ ತಗುಲಿದ ಕ್ಷಣದಲ್ಲಿ ಕೊರೆಯುವ ಸರಳನ್ನೇ ಎಸೆದು ಚಿಮ್ಮುವುದರಿಂದ, ಮೊದಲು ಗಟ್ಟಿಯಾದ ಕಲ್ಲಿದ್ದಲಿನಲ್ಲಿ ಉಕ್ಕಿನ ಕೊಳವೆಯೊಂದನ್ನು ಸಿಮೆಂಟಿನಿಂದ ಬಂಧಿಸಿ, ಅದರ ಬಾಯಿಗೆ ಕವಾಟ ಜೋಡಿಸಿ, ನಿರೀಕ್ಷಿತ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಿ, ಅನಂತರವೇ ಅದರ ಮೂಲಕ ಮುಂದಕ್ಕೆ ಕೊರೆಯುತ್ತಾರೆ. ಹೀಗೆ ಸಿಕ್ಕಿದ ನೀರನ್ನು ಕವಾಟದ ಮೂಲಕ ಅಳತೆಯಾಗಿ ಹೊರಬಿಟ್ಟು, ಪಂಪುಗಳ ಸಾಮರ್ಥ್ಯಕ್ಕೆ ತಕ್ಕಂತೆ ತಿಂಗಳುಗಟ್ಟಲೆ ಬಸಿಯಬಹುದು. ರಂಧ್ರ ಒಮ್ಮೊಮ್ಮೆ ಹಳೆಯ ಕಂಬವೊಂದರೊಳಕ್ಕೇ ಹೊಕ್ಕು ಆಚೀಚೆ ಇರುವ ನೀರನ್ನು ಮುಟ್ಟದೆ ಹೋಗುವುದೂ, ರಂಧ್ರದ ಬಾಯಿ ಕೆಸರಿನಿಂದ ಕಟ್ಟಿಕೊಂಡು ನೀರಿಲ್ಲವೆಂಬ ಭ್ರಾಂತಿ ಹುಟ್ಟುವುದೂ ಉಂಟು. ಒಣರಂಧ್ರವೊಂದನ್ನು ನಂಬಿ ಮುಂದುವರಿದವನಿಗಿಂತ, ಅದನ್ನು ಶಂಕಿಸಿ ಪಕ್ಕದಲ್ಲಿ ಮತ್ತೊಂದನ್ನು ಕೊರೆದವನು ಹೆಚ್ಚು ಬಲ್ಲವನು.

ಭೂಮಿಯ ವಿದ್ಯುತ್‌ನಿರೋಧವನ್ನಳೆದೋ, ಕಂಪನದ ಅಲೆಗಳನ್ನು ಕಳುಹಿಸಿಯೋ ತೋಡುಗಳನ್ನು ದೂರದಿಂದಲೇ ಗುರುತಿಸುವ ಉಪಕರಣಗಳು ಈಗ ಬಂದಿವೆ. ಅವು ಎಲ್ಲಿ ಕೊರೆದು ನೋಡಬೇಕೆಂಬುದನ್ನು ಸೂಚಿಸುತ್ತವೆ, ಕೊರೆಯುವ ಅಗತ್ಯವನ್ನು ತಪ್ಪಿಸುವುದಿಲ್ಲ. ಎಲ್ಲಕ್ಕಿಂತ ಮೇಲಾದ ಕ್ರಮ ಅಪಾಯದ ಮೂಲವನ್ನೇ ಇಲ್ಲವಾಗಿಸುವುದು: ಹಳೆಯ ತೋಡಿನ ನೀರನ್ನು ಮೇಲಿನಿಂದ ಕೊಳವೆಬಾವಿ ಕೊರೆದು ಬತ್ತಿಸಿಬಿಟ್ಟರೆ ಗೋಡೆಯ ದಪ್ಪದ ಪ್ರಶ್ನೆಯ ತೀವ್ರತೆಯೇ ತಗ್ಗುತ್ತದೆ. ಅದಾಗದಿದ್ದಲ್ಲಿ ಸಾಕಷ್ಟು ದಪ್ಪದ ಕಲ್ಲಿದ್ದಲನ್ನು ತೆಗೆಯದೆ ತಡೆಯಾಗಿ ಬಿಡಬೇಕು. ಮಾರಾಟವಾಗಬಹುದಾಗಿದ್ದ ಕಲ್ಲಿದ್ದಲು ನೆಲದಲ್ಲೇ ಉಳಿಯುವುದನ್ನು ನಷ್ಟವೆಂದು ಲೆಕ್ಕಪುಸ್ತಕ ಹೇಳೀತು. ಆದರೆ ಆ ತಡೆ ಗಣಿಯ ಶಾಫ್ಟಿನಂತೆ, ಪಂಪಿನಂತೆ ಒಂದು ಯಂತ್ರಾಂಗ. ಅದಕ್ಕೆ ತಗುಲುವ ವೆಚ್ಚವೇ ಆ ಕಲ್ಲಿದ್ದಲು. ಇನ್ನು ಒಳಗಿನ ಹಾದಿಗಳಿಗೆ ಅಡ್ಡವಾಗಿ ಕಟ್ಟುವ ಜಲಬಂಧಗಳು, ಮಳೆಗಾಲಕ್ಕೆ ಮುಂಚೆ ಮೇಲಿನ ಬಿರುಕು ಕುಸಿತಗಳನ್ನು ಮುಚ್ಚಿಸುವುದು, ನದಿಯ ಮಟ್ಟವನ್ನು ಕಾದು ನೋಡಲು ಹಗಲಿರುಳು ಜನರನ್ನಿರಿಸಿ ಒಳಗಿನವರಿಗೆ ಟೆಲಿಫೋನು ಕಲ್ಪಿಸುವುದು ಇವೆಲ್ಲ ಸೇರಿ ರಕ್ಷಣೆ ಪೂರ್ಣವಾಗುತ್ತದೆ.

ನೀರು ಸಮೀಪವಿದ್ದಾಗ ಗಣಿಯೇ ಸೂಚನೆ ಕೊಡುವುದುಂಟು. ಒಣಗಿದ್ದ ಕಲ್ಲಿದ್ದಲ ಮುಖ ಬೆವರತೊಡಗುತ್ತದೆ, ಗಾಳಿ ತಣ್ಣಗಾಗುತ್ತದೆ, ಕೊಳೆತ ಮೊಟ್ಟೆಯ ನಾತದಂಥ ಗಂಧಕದ ವಾಸನೆ ಬರುತ್ತದೆ, ತುಕ್ಕುಬಣ್ಣದ ಹನಿಗಳು ಬಿರುಕಿನಿಂದ ತೊಟ್ಟಿಕ್ಕುತ್ತವೆ. ಇವುಗಳನ್ನು ಎಲ್ಲರಿಗಿಂತ ಮೊದಲು ಕಾಣುವವನು ಮೇಲಿನ ಕಚೇರಿಯ ಇಂಜಿನಿಯರಲ್ಲ, ಮುಖದ ಬಳಿ ಕೆಲಸ ಮಾಡುವ ಕೂಲಿಗಾರ. ಅವನು ಕಂಡದ್ದನ್ನು ಹೇಳಿದಾಗ ಕೇಳುವವರಿರಬೇಕು. ಕೆಲಸ ನಿಲ್ಲಿಸಿ ಮೇಲೆ ಬಂದುದಕ್ಕಾಗಿ ಅವನ ದಿನದ ಕೂಲಿ ಕಡಿಯಬಾರದು. ಯಾವ ಸೂಚನೆ ಕಂಡರೆ ಯಾರು ಏನು ಮಾಡತಕ್ಕದ್ದು, ಯಾವ ಹಂತದಲ್ಲಿ ಯಾರನ್ನೂ ಕೇಳದೆ ಎಲ್ಲರನ್ನೂ ಹೊರಗೆ ಕಳುಹಿಸತಕ್ಕದ್ದು ಎಂಬುದನ್ನು ಮುಂಚಿತವಾಗಿ ಬರೆದು ಕಾರ್ಮಿಕರ ಭಾಷೆಯಲ್ಲಿ ತಿಳಿಸಿಡುವ ಪದ್ಧತಿ ಈಚಿನ ಸುಧಾರಣೆಗಳಲ್ಲೆಲ್ಲ ಬೆಲೆಯುಳ್ಳದ್ದೆಂದು ಲೇಖಕನು ಎಣಿಸುತ್ತಾನೆ.

ಎಲ್ಲವೂ ಮೀರಿ ನೀರು ನುಗ್ಗಿದ ಮೇಲೆ ಉಳಿಯುವ ಆಸೆ ಎತ್ತರದ ನೆಲ. ಇಳಿಜಾರಿನ ಮೇಲ್ತುದಿಯ ಕುರುಡುದಾರಿಗಳಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನು ಕೆಲಕಾಲ ತಡೆಯುತ್ತದೆ. ರಾಣಿಗಂಜಿನ ಮಹಾಬೀರ್ ಗಣಿಯಲ್ಲಿ 1989ರ ನವೆಂಬರ್ 13ರಂದು ಸಿಕ್ಕಿಬಿದ್ದ 71 ಮಂದಿಯಲ್ಲಿ 65 ಮಂದಿ ಬದುಕಿದ್ದು ಹೀಗೆ. ಮೇಲಿನಿಂದ ಹೊಸ ರಂಧ್ರ ಕೊರೆದು, ಉಕ್ಕಿನ ಕೋಶವೊಂದನ್ನು ಸ್ಥಳದಲ್ಲೇ ತಯಾರಿಸಿ, ಇಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಅದರಲ್ಲಿ ಕೆಳಗಿಳಿದು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಕಳುಹಿಸಿದರು. 2002ರ ಜುಲೈಯಲ್ಲಿ ಪೆನ್ಸಿಲ್ವೇನಿಯದ ಕ್ವೀಕ್ರೀಕ್ ಗಣಿಯಲ್ಲಿ, ಹಳೆಯ ಸಾಕ್ಸ್‌ಮನ್ ಗಣಿಯ ಅಂತಿಮ ನಕ್ಷೆ ಕೈಸೇರದ ಕಾರಣ ನೀರಿಗೆ ಸಿಕ್ಕಿದ ಒಂಬತ್ತು ಮಂದಿಗೆ, ಸಣ್ಣ ರಂಧ್ರವೊಂದರ ಮೂಲಕ ಒತ್ತಿದ ಬೆಚ್ಚನೆಯ ಗಾಳಿಯನ್ನು ಕಳುಹಿಸಿ ಪ್ರಾಣ ಹಿಡಿದಿಟ್ಟು ಎಲ್ಲರನ್ನೂ ಉಳಿಸಲಾಯಿತು.

ಪಶ್ಚಿಮ ಬೆಂಗಳೂರಿನವರಿಗೆ ಇದೇ ಸಮಸ್ಯೆಯ ಸೌಮ್ಯರೂಪವೊಂದು ದಿನವೂ ಎದುರಾಗುತ್ತದೆ. ಕೆಂಗೇರಿ, ನಾಯಂಡಹಳ್ಳಿ, ವಿಜಯನಗರಗಳಿಂದ ನೇರಳೆ ಮಾರ್ಗದ ಮೆಟ್ರೋ ರೈಲಿನಲ್ಲಿ ಹೊರಟವರು ಮಾಗಡಿ ರಸ್ತೆ ನಿಲ್ದಾಣವನ್ನು ದಾಟಿದೊಡನೆ ಎತ್ತರದ ಹಳಿಯಿಂದಿಳಿದು ಸುರಂಗವನ್ನು ಹೊಗುತ್ತಾರೆ. 2016ರ ಏಪ್ರಿಲಿನಲ್ಲಿ ಸಂಚಾರಕ್ಕೆ ತೆರೆದ ಆ ಸುರಂಗ ಮೆಜೆಸ್ಟಿಕ್ಕಿನಲ್ಲಿ ಹಾದುಹೋಗುವ ನೆಲ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಅಂಗಳವಾಗಿದ್ದಿತು. ಕೆರೆ ಕಾಣದಾದರೂ ಅಂತರ್ಜಲ ಹಳೆಯ ದಾರಿಯನ್ನು ಮರೆಯುವುದಿಲ್ಲ. ನಗರದಡಿ ಸುರಂಗ ಕೊರೆಯುವ ಯಂತ್ರ ಶಿಥಿಲಶಿಲೆಯಿಂದ ಗಟ್ಟಿಬಂಡೆಗೆ, ಬಂಡೆಯಿಂದ ಸಡಿಲಮಣ್ಣಿಗೆ ಪದೇಪದೇ ದಾಟುವಾಗ, ಮುಂದೆ ಶೋಧರಂಧ್ರಗಳನ್ನು ಕೊರೆದು ನೋಡುವುದೂ, ಯಂತ್ರದ ಮುಖದಲ್ಲಿ ಒತ್ತಡವನ್ನು ಕಾಯ್ದುಕೊಂಡು ನೀರು ಮಣ್ಣು ಒಳನುಗ್ಗದಂತೆ ತಡೆಯುವುದೂ, ಮನೆಗಳ ಹಿತ್ತಿಲಲ್ಲಿ ಮುಚ್ಚಿಹೋದ ಹಳೆಯ ಸೇದುಬಾವಿಗಳನ್ನು ಹುಡುಕಿ ಗುರುತಿಸುವುದೂ ಕಲ್ಲಿದ್ದಲ ಗಣಿಯ ವಿದ್ಯೆಗೇ ಸೇರಿದ ಮಾತುಗಳು.

ಕರ್ನಾಟಕದ ನಿಜವಾದ ಭೂಗತ ಗಣಿಗಳು ಚಿನ್ನದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವರು ಬೆಂಕಿಯಿಂದ ಬಂಡೆಯನ್ನು ಕಾಯಿಸಿ ಒಡೆದು ಸುಮಾರು 600 ಅಡಿ ಆಳದವರೆಗೆ ತೋಡಿದ್ದರು. ಅವರ ನಕ್ಷೆ ಎಲ್ಲಿಯೂ ಇಲ್ಲ. ಕೋಲಾರದ ಚಿನ್ನದ ಗಣಿಗಳೂ ಹಳಬರ ತೋಡುಗಳ ಗುರುತಿನ ಮೇಲೆಯೇ ಹುಟ್ಟಿದುವು: 1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಮಾರಿಕುಪ್ಪಂ ಆಸುಪಾಸಿನಲ್ಲಿ ಜನ ಚಿನ್ನ ತೆಗೆಯುವುದನ್ನು ಕಂಡು ದಾಖಲಿಸಿದರು, 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಆ ಹಳೆಯ ಕುಳಿಗಳ ಕೆಳಗೆ ಇಳಿದಾಗ ಚಾಂಪಿಯನ್ ರೀಫ್ ಎಂಬ ಸಮೃದ್ಧವಾದ ಚಿನ್ನದ ಪಟ್ಟಿ ಕೈಗೆ ಸಿಕ್ಕಿತು. ಮುಂದೆ 3 ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಹೋದ ಈ ಗಣಿಗಳಲ್ಲಿ ಕಾರ್ಮಿಕರನ್ನು ಹೆಚ್ಚಾಗಿ ಕಾಡಿದ್ದು ನೀರಲ್ಲ, ಬಂಡೆಯೇ. ಮೇಲಿನ ಭಾರದಿಂದ ಬಿಗಿದುಕೊಂಡ ಶಿಲೆ ಸಿಡಿಮದ್ದಿನಂತೆ ಒಡೆದು ಸುರಂಗದೊಳಕ್ಕೆ ಹಾರುವ ಶಿಲಾಸ್ಫೋಟಗಳು ಅಲ್ಲಿ ಅನೇಕರ ಪ್ರಾಣ ತೆಗೆದುವು. ಅವುಗಳ ಅಧ್ಯಯನಕ್ಕಾಗಿ ಬೆಳೆದ ಪರಿಣತಿಯಿಂದಲೇ 1988ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ರೂಪುಗೊಂಡಿತು.

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಪಂಪುಗಳು ನಿಂತ ಮೇಲೆ ನೂರಿಪ್ಪತ್ತು ವರ್ಷಗಳ ಕಾಲ ತೋಡಿದ ಶಾಫ್ಟುಗಳೂ ಲೆವೆಲುಗಳೆಂಬ ಅಡ್ಡಸುರಂಗಗಳೂ ಅದಿರು ತೆಗೆದ ಸ್ಟೋಪುಗಳೂ ಕೆಳಗಿನಿಂದ ಮೇಲಕ್ಕೆ ನೀರಿನಿಂದ ತುಂಬುತ್ತ ಬಂದುವು. ಕೋಲಾರದಲ್ಲಿ ಬಂಡೆಗೆ ಅಂಜಿದ್ದ ಕಾಲ ಮುಗಿದು, ನೀರಿಗೆ ಅಂಜಬೇಕಾದ ಕಾಲ ಹೀಗೆ ಸದ್ದಿಲ್ಲದೆ ಆರಂಭವಾಯಿತು. ಈ ಗಣಿಗಳನ್ನು ಪುನರುಜ್ಜೀವಿಸುವ ಮಾತು ಆಗಾಗ ಕೇಳಿಬರುತ್ತದೆ. ಅಲ್ಲಿ ಅಥವಾ ಅದೇ ಶಿಲಾಪಟ್ಟಿಯ ಪಕ್ಕದ ನೆಲದಲ್ಲಿ ಯಾರೇ ಮತ್ತೆ ಇಳಿಯಲಿ, ಅವರ ಪಕ್ಕದಲ್ಲಿರುವುದು ಒಂದು ಪಾತಾಳದ ಕೆರೆ. ಅದರ ಪೂರ್ಣ ನೀರಿನೆತ್ತರಕ್ಕೆ ಮೇಲೆ ಹೇಳಿದ ಲೆಕ್ಕವನ್ನು ಅನ್ವಯಿಸಿದರೆ ತಳದ ಲೆವೆಲುಗಳಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 300 ಕಿಲೋಗ್ರಾಂ ಭಾರ ಬೀಳುತ್ತದೆ. ಈ ಕೆರೆಯ ಅಂಚು ಎಲ್ಲಿದೆಯೆಂಬುದನ್ನು ಹೇಳಬಲ್ಲವು ಹಿಂದಿನ ಸರ್ವೇಯರರು ದಶಕಗಳ ಕಾಲ ಬರೆದಿಟ್ಟ ಗಣಿನಕ್ಷೆಗಳು ಮತ್ತು ಅಳತೆಯ ಪುಸ್ತಕಗಳು. ಅವುಗಳಲ್ಲಿ ಒಂದು ಹಾಳೆಯೂ ಗೆದ್ದಲಿಗೋ ರದ್ದಿಗೋ ಹೋಗದಂತೆ ಕಾಪಾಡಿ, ಲೆವೆಲು ಲೆವೆಲಿಗೂ ಪ್ರತಿ ತೆಗೆದು, ಆ ಸುರಂಗಗಳಲ್ಲಿ ದುಡಿದು ಇನ್ನೂ ಬದುಕಿರುವ ಹಿರಿಯ ಕಾರ್ಮಿಕರನ್ನು ಕೂರಿಸಿಕೊಂಡು, ನಕ್ಷೆಗೆ ಏರದೆ ಉಳಿದ ಅಡ್ಡದಾರಿಗಳನ್ನು ಅವರ ಬಾಯಿಂದ ಕೇಳಿ ಗುರುತುಹಾಕಿಕೊಳ್ಳುವ ಕೆಲಸ, ಪಂಪನ್ನು ಇಳಿಬಿಡುವುದಕ್ಕೆ ಬಹಳ ಮುಂಚೆಯೇ, ಅವರು ನಮ್ಮೊಡನಿರುವಾಗಲೇ ನಡೆಯಬೇಕಾದುದು.